ಅಮೆರಿಕದ ಕ್ರೈಸ್ತ ಆಧಿಪತ್ಯವಾದ: ರಾಜಕೀಯ ಪ್ರಭಾವದ ಪ್ರಶ್ನೆ

೧

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಈಚಿನ ರಾಜಕೀಯ ಚರಿತ್ರೆಯನ್ನು ಕುರಿತ ಗ್ರಂಥಗಳಲ್ಲಿ ‘ಡೊಮಿನಿಯನಿಸಂ’ ಎಂಬ ಶಬ್ದ ಮೇಲಿಂದ ಮೇಲೆ ಕಾಣಬರುತ್ತದೆ. ಇದನ್ನು ನಾವು ಈ ಲೇಖನದಲ್ಲಿ ಆಧಿಪತ್ಯವಾದವೆಂದು ಕರೆಯುತ್ತೇವೆ. ಬೈಬಲಿನ ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ದೇವರು ಮನುಷ್ಯನಿಗೆ ಭೂಮಿಯ ಮೇಲೂ ಜೀವರಾಶಿಯ ಮೇಲೂ ಅಧಿಕಾರವನ್ನು ಕೊಟ್ಟನೆಂದು ಹೇಳಿದೆಯಷ್ಟೆ. ಆ ಅಧಿಕಾರವು ಸಮಾಜ, ಶಿಕ್ಷಣ, ರಾಜ್ಯಾಡಳಿತಗಳ ಮೇಲಿನ ಅಧಿಕಾರವೂ ಹೌದು. ಅದನ್ನು ವಹಿಸಿಕೊಳ್ಳಬೇಕಾದವರು ಕ್ರೈಸ್ತ ವಿಶ್ವಾಸಿಗಳೇ—ಎಂದು ಅರ್ಥಮಾಡುವ ಪಂಥಗಳಿಗೆ ಈ ಹೆಸರು ಸಲ್ಲುತ್ತದೆ. ಹೆಸರನ್ನು ಬಳಕೆಗೆ ತಂದವರು ಬಹುಮಟ್ಟಿಗೆ ಅವುಗಳ ವಿಮರ್ಶಕರೇ ಹೊರತು ಅನುಯಾಯಿಗಳಲ್ಲ ಎಂಬುದನ್ನು ಮೊದಲೇ ನೆನಪಿನಲ್ಲಿಡುವುದು ಒಳ್ಳೆಯದು.

ಈ ಪಂಥಗಳ ರಾಜಕೀಯ ಪ್ರಭಾವದ ವಿಷಯದಲ್ಲಿ ಎರಡು ಪಕ್ಷಗಳಿವೆ. ಮಿಶೆಲ್ ಗೋಲ್ಡ್‌ಬರ್ಗ್ ಅವರ ‘ಕಿಂಗ್‌ಡಮ್ ಕಮಿಂಗ್’ (೨೦೦೬), ಕ್ರಿಸ್ ಹೆಜಸ್ ಅವರ ‘ಅಮೆರಿಕನ್ ಫ್ಯಾಸಿಸ್ಟ್ಸ್’ (೨೦೦೭) ಮೊದಲಾದ ಗ್ರಂಥಗಳು ಅಮೆರಿಕದ ಕ್ರೈಸ್ತ ಬಲಪಂಥದ ಹಿಂದೆ ಆಧಿಪತ್ಯವಾದವು ಚಾಲಕಶಕ್ತಿಯಾಗಿ ನಿಂತಿದೆಯೆಂದು ಎಚ್ಚರಿಸುತ್ತವೆ. ಇದಕ್ಕೆ ಪ್ರತಿಯಾಗಿ, ೨೦೧೧ರಲ್ಲಿ ಅಧ್ಯಕ್ಷಪದವಿಯ ಚುನಾವಣೆಗೆ ಸಿದ್ಧತೆ ನಡೆಯುತ್ತಿದ್ದಾಗ, ಇದು ಕೆಲವೇ ಮಂದಿಯ ಮತವನ್ನು ಕೋಟ್ಯಂತರ ಭಕ್ತರ ತಲೆಗೆ ಕಟ್ಟುವ ಅತ್ಯುಕ್ತಿಯೆಂದು ಹಲವರು ಪತ್ರಿಕೆಗಳಲ್ಲಿ ಆಕ್ಷೇಪಿಸಿದರು. ಒಂದು ಪಕ್ಷ ಹೆಸರುಗಳ ಪಟ್ಟಿಯನ್ನು ಮುಂದಿಡುತ್ತದೆ. ಇನ್ನೊಂದು ತಲೆಗಳನ್ನು ಎಣಿಸುತ್ತದೆ. ಆದರೆ ‘ಪ್ರಭಾವ’ವೆಂದರೇನು, ಅದು ಇದೆಯೆಂದು ಹೇಳಲು ಎಷ್ಟು ಆಧಾರ ಬೇಕು ಎಂಬುದನ್ನು ಎರಡು ಪಕ್ಷಗಳವರೂ ಸ್ಪಷ್ಟಪಡಿಸಿಲ್ಲ.

ಈ ಅಸ್ಪಷ್ಟತೆ ಕೇವಲ ಪಂಡಿತರ ಜಗಳದ ವಿಷಯವಲ್ಲ. ‘ಪ್ರಭಾವ’ ಎಂಬುದನ್ನು ಸಡಿಲವಾಗಿ ಬಳಸಿದರೆ, ತನ್ನ ಮತಶ್ರದ್ಧೆಯಿಂದ ಪ್ರೇರಿತನಾಗಿ ಮತ ನೀಡುವ ಸಾಮಾನ್ಯ ಪ್ರಜೆಯೂ ಒಳಸಂಚುಗಾರನೆನಿಸುತ್ತಾನೆ. ಅತಿ ಬಿಗಿಯಾಗಿ ಬಳಸಿದರೆ, ಒಂದು ಪಂಥದ ಮಾತನ್ನು ನ್ಯಾಯಪೀಠಕ್ಕೂ ಶಾಸನಸಭೆಗೂ ಕೊಂಡೊಯ್ದ ಅಧಿಕಾರಿಯೂ ವಿಮರ್ಶೆಯಿಂದ ನುಣುಚಿಕೊಳ್ಳುತ್ತಾನೆ. ಆದುದರಿಂದ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ಸೂಚಿಸುತ್ತೇವೆ. ಒಂದು ವಿಚಾರವು ಒಬ್ಬನಿಂದ ಇನ್ನೊಬ್ಬನಿಗೆ ಬಂದ ಹಾದಿಗೆ ದಾಖಲೆಯಿದೆಯೆ? ಅದೇ ಫಲವನ್ನು ತರಬಲ್ಲ ಬೇರೆ ಕಾರಣಗಳಿದ್ದುವೆ? ಹಾದಿಯಲ್ಲಿ ಆ ವಿಚಾರ ಏನನ್ನು ಕಳೆದುಕೊಂಡಿತು, ಏನನ್ನು ಕೂಡಿಸಿಕೊಂಡಿತು? ಈ ಮೂರಕ್ಕೂ ಉತ್ತರ ದೊರೆತಲ್ಲದೆ ಪ್ರಭಾವವನ್ನು ನಿರ್ಣಯಿಸಲಾಗದೆಂಬುದು ನಮ್ಮ ಮತ.

೨

ಆಧಿಪತ್ಯವಾದಕ್ಕೆ ಶಾಸ್ತ್ರರೂಪವನ್ನು ಕೊಟ್ಟವರು ರೂಸಾಸ್ ಜಾನ್ ರಷ್ಡೂನಿ (೧೯೧೬–೨೦೦೧). ಆರ್ಮೀನಿಯನ್ನರ ಸಾಮೂಹಿಕ ಹತ್ಯೆಯಿಂದ ಪಾರಾಗಿ ಅಮೆರಿಕಕ್ಕೆ ಬಂದ ಕುಟುಂಬದಲ್ಲಿ ಇವರು ಹುಟ್ಟಿದರು. ಪ್ರೆಸ್ಬಿಟೀರಿಯನ್ ಪಾದ್ರಿಯಾಗಿ, ನೆವಾಡಾ–ಐಡಾಹೊ ಗಡಿಯ ಡಕ್ ವ್ಯಾಲಿಯಲ್ಲಿ ಅಮೆರಿಕದ ಮೂಲನಿವಾಸಿಗಳಿಗಾಗಿ ಮೀಸಲಾದ ನೆಲೆಯಲ್ಲಿ ಹಲವು ವರ್ಷ ಕೆಲಸಮಾಡಿದರು. ಸರ್ಕಾರದ ಪೋಷಣೆ ಜನರನ್ನು ಪರಾಧೀನರನ್ನಾಗಿ ಮಾಡುತ್ತದೆಂಬ ಅವರ ದೃಢವಾದ ಸಂಶಯಕ್ಕೆ ಈ ಅನುಭವವೇ ಒಂದು ಮೂಲವೆಂದು ಮೈಕೇಲ್ ಮೆಕ್‌ವಿಕಾರ್ ತಮ್ಮ ‘ಕ್ರಿಶ್ಚಿಯನ್ ರಿಕನ್‌ಸ್ಟ್ರಕ್ಷನ್’ (೨೦೧೫) ಗ್ರಂಥದಲ್ಲಿ ತೋರಿಸಿದ್ದಾರೆ. ೧೯೬೫ರಲ್ಲಿ ರಷ್ಡೂನಿ ಕ್ಯಾಲಿಫೋರ್ನಿಯದಲ್ಲಿ ಚಾಲ್ಸೆಡನ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಹೆಸರು ಕ್ರಿ.ಶ. ೪೫೧ರ ಚಾಲ್ಸೆಡನ್ ಧರ್ಮಸಭೆಯದು. ಕ್ರಿಸ್ತನೊಬ್ಬನಲ್ಲಿಯೇ ದೈವತ್ವ ಮನುಷ್ಯತ್ವಗಳು ಕೂಡಿವೆಯೆಂದು ಆ ಸಭೆ ನಿರ್ಣಯಿಸಿದುದರಿಂದ, ಯಾವ ರಾಜ್ಯವೂ ತನ್ನಲ್ಲಿ ದೈವತ್ವವನ್ನು ಆರೋಪಿಸಿಕೊಳ್ಳಲಾಗದೆಂಬುದು ಅವರ ವ್ಯಾಖ್ಯಾನ.

ಅವರ ಸಿದ್ಧಾಂತದ ಬುಡದಲ್ಲಿರುವುದು ದೇವತಾಶಾಸ್ತ್ರಜ್ಞ ಕಾರ್ನೀಲಿಯಸ್ ವಾನ್ ಟಿಲ್ ಅವರಿಂದ ಪಡೆದ ಒಂದು ಪ್ರಮೇಯ: ಜ್ಞಾನದಲ್ಲಿ ತಟಸ್ಥ ಭೂಮಿ ಎಂಬುದಿಲ್ಲ. ಎಲ್ಲ ವಿಚಾರವೂ ದೇವರನ್ನಾಗಲಿ ದೇವರಲ್ಲದ್ದನ್ನಾಗಲಿ ಪ್ರಮಾಣವಾಗಿ ಹಿಡಿದೇ ಹೊರಡುತ್ತದೆ. ಇದನ್ನು ರಷ್ಡೂನಿ ರಾಜ್ಯಶಾಸ್ತ್ರಕ್ಕೆ ತಂದರು. ಕಾನೂನೆಲ್ಲವೂ ಯಾವುದೋ ಒಂದು ಧರ್ಮದ ಸ್ಥಾಪನೆಯೇ ಆದುದರಿಂದ, ಧರ್ಮನಿರಪೇಕ್ಷ ರಾಜ್ಯವೆಂಬುದು ಮರೆಮಾಚಿದ ಇನ್ನೊಂದು ಧರ್ಮ. ಸರ್ಕಾರಿ ಶಾಲೆಯೇ ಅದರ ದೇವಾಲಯ. ೧೯೬೩ರ ‘ದಿ ಮೆಸ್ಸಿಯಾನಿಕ್ ಕ್ಯಾರೆಕ್ಟರ್ ಆಫ್ ಅಮೆರಿಕನ್ ಎಜುಕೇಷನ್’ ಈ ವಾದವನ್ನು ವಿಸ್ತರಿಸುತ್ತದೆ. ೧೯೭೩ರ ‘ದಿ ಇನ್‌ಸ್ಟಿಟ್ಯೂಟ್ಸ್ ಆಫ್ ಬಿಬ್ಲಿಕಲ್ ಲಾ’ ಎಂಬ ಎಂಟುನೂರಕ್ಕೂ ಹೆಚ್ಚು ಪುಟಗಳ ಗ್ರಂಥ, ದಶಾಜ್ಞೆಗಳ ಕ್ರಮದಲ್ಲಿ, ಮೋಶೆಯ ನ್ಯಾಯಶಾಸನ ಇಂದಿಗೂ ಬಾಧ್ಯವೆಂದು ಸಾಧಿಸಹೊರಡುತ್ತದೆ. ವ್ಯಭಿಚಾರ, ಸಲಿಂಗಸಂಪರ್ಕ, ದೇವದೂಷಣೆ ಮೊದಲಾದುವಕ್ಕೆ ಆ ಶಾಸನದಲ್ಲಿ ಹೇಳಿರುವ ಮರಣದಂಡನೆಯನ್ನೂ ಅದು ಬಿಡುವುದಿಲ್ಲ. ಈ ಪಂಥಕ್ಕೆ ‘ಕ್ರೈಸ್ತ ಪುನರ್ನಿರ್ಮಾಣ’ವೆಂಬ ಹೆಸರು ಬಂದಿತು.

ಹೀಗಿದ್ದರೂ ರಷ್ಡೂನಿ ಬಯಸಿದ್ದು ಬಲಿಷ್ಠವಾದ ಕೇಂದ್ರ ಸರ್ಕಾರವನ್ನಲ್ಲ ಎಂಬುದು ಇಲ್ಲಿ ವಿಶೇಷವಾಗಿ ಗಮನಾರ್ಹ. ರಾಜ್ಯ ಕುಗ್ಗಬೇಕು, ಶಿಕ್ಷಣ, ದೀನಪೋಷಣೆಗಳು ಕುಟುಂಬಕ್ಕೂ ಸಭೆಗೂ ಮರಳಬೇಕು, ಜನರ ಮನಃಪರಿವರ್ತನೆಯಿಂದ ಕ್ರಮಕ್ರಮವಾಗಿ, ಬೇಕಾದರೆ ಹಲವು ಶತಮಾನಗಳಲ್ಲಿ, ದೇವರ ನ್ಯಾಯ ಪ್ರತಿಷ್ಠಿತವಾಗಬೇಕು—ಇದು ಅವರ ನಿರೀಕ್ಷೆ. ಕ್ರಿಸ್ತನ ಪುನರಾಗಮನವು ಅವನ ರಾಜ್ಯ ಭೂಮಿಯಲ್ಲಿ ಸಿದ್ಧವಾದ ಬಳಿಕ ಎಂಬ ನಂಬಿಕೆಯೇ ಈ ದೀರ್ಘ ಸಹನೆಗೆ ಆಧಾರ.

೩

ಈಗ ನಮ್ಮ ಪ್ರಶ್ನೆಗಳನ್ನು ಮೂರು ಪ್ರಸಂಗಗಳಿಗೆ ಅನ್ವಯಿಸಿ ನೋಡೋಣ.

ಮೊದಲನೆಯದು ೧೯೮೦ರ ಚುನಾವಣೆ. ೧೯೭೯ರಲ್ಲಿ ಜೆರ್ರಿ ಫಾಲ್ವೆಲ್ ಅವರ ಮುಂದಾಳುತನದಲ್ಲಿ ‘ಮಾರಲ್ ಮೆಜಾರಿಟಿ’ ಹುಟ್ಟಿ, ಸಂಪ್ರದಾಯಸ್ಥ ಕ್ರೈಸ್ತರನ್ನು ರೊನಾಲ್ಡ್ ರೇಗನ್ ಅವರ ಕಡೆಗೆ ತಿರುಗಿಸಿತು. ಇದರ ಹಿಂದೆ ರಷ್ಡೂನಿಯವರ ಗ್ರಂಥಗಳಿದ್ದುವೆನ್ನಲು ಆಗಾಗ್ಗೆ ಒಂದು ಸಾಕ್ಷ್ಯವನ್ನು ಉದಾಹರಿಸುತ್ತಾರೆ. ೧೯೮೦ರಲ್ಲಿ ಡಲ್ಲಾಸಿನಲ್ಲಿ ನಡೆದ ದೊಡ್ಡ ಸಭೆಯಲ್ಲಿ ಮಾರಲ್ ಮೆಜಾರಿಟಿಯ ರಾಬರ್ಟ್ ಬಿಲ್ಲಿಂಗ್ಸ್ ಅವರು, ರಷ್ಡೂನಿಯವರ ಪುಸ್ತಕಗಳಿಲ್ಲದಿದ್ದರೆ ತಾವಾರೂ ಅಲ್ಲಿ ಸೇರುತ್ತಿರಲಿಲ್ಲವೆಂದೂ, ನೆರೆದವರಿಗೆ ಇದು ತಿಳಿಯದಿದ್ದರೂ ತಮಗೆ ತಿಳಿದಿದೆಯೆಂದೂ ಹೇಳಿದರಂತೆ. ಇದನ್ನು ವರದಿಮಾಡಿದವರು ಯಾರು? ಗ್ಯಾರಿ ನಾರ್ತ್, ರಷ್ಡೂನಿಯವರ ಅಳಿಯ, ಅದೇ ಪಂಥದ ಇನ್ನೊಬ್ಬ ಮುಖಂಡ. ಸ್ವಪಕ್ಷದ ಮಹತ್ವವನ್ನು ಹೇಳುವ ಸಾಕ್ಷಿಯನ್ನು ಬೇರೆ ಆಧಾರದ ಬೆಂಬಲವಿಲ್ಲದೆ ಒಪ್ಪಲಾಗದು. ಅಲ್ಲದೆ, ನೆರೆದವರಿಗೆ ತಿಳಿಯದು ಎಂಬ ಮಾತಿನಿಂದ ಆಧಾರದ ಅಭಾವವೇ ಆಧಾರವಾಗಿಬಿಡುತ್ತದೆ!

ಮತ್ತೊಂದು ತೊಡಕೂ ಇದೆ. ಆ ಸಭಿಕರಲ್ಲಿ ಬಹುಮಂದಿ ಲೋಕವು ಕೆಡುತ್ತ ಹೋಗಿ ಕ್ರಿಸ್ತನು ಬೇಗನೆ ಬರುತ್ತಾನೆಂದು ನಂಬಿದ್ದವರು. ಹ್ಯಾಲ್ ಲಿಂಡ್ಸೆಯವರ ೧೯೭೦ರ ‘ದಿ ಲೇಟ್ ಗ್ರೇಟ್ ಪ್ಲಾನೆಟ್ ಅರ್ತ್’ ಗ್ರಂಥವನ್ನು ಓದಿದ ಪೀಳಿಗೆಯವರು. ಶತಮಾನಗಳ ಪುನರ್ನಿರ್ಮಾಣಕ್ಕೂ ಸನ್ನಿಹಿತವಾದ ಲೋಕಾಂತ್ಯಕ್ಕೂ ಹೊಂದಿಕೆಯಿಲ್ಲ. ಇವರು ರಾಜಕೀಯಕ್ಕೆ ಇಳಿದುದಕ್ಕೆ ಬೇರೆ ಬಲವಾದ ಕಾರಣಗಳೂ ಇದ್ದುವು: ಶಾಲೆಗಳಲ್ಲಿ ಪ್ರಾರ್ಥನೆಯನ್ನು ತಡೆದ ೧೯೬೨–೬೩ರ ತೀರ್ಪುಗಳು, ಗರ್ಭಪಾತವನ್ನು ಕುರಿತ ೧೯೭೩ರ ತೀರ್ಪು, ಹಾಗೂ ವರ್ಣಭೇದವನ್ನು ಪಾಲಿಸುವ ಖಾಸಗಿ ಶಾಲೆಗಳ ತೆರಿಗೆ ವಿನಾಯಿತಿಯ ವಿವಾದ. ಈ ಕಡೆಯದೇ ಮುಖ್ಯವೆಂದು ಚರಿತ್ರಕಾರ ರ‍್ಯಾಂಡಲ್ ಬಾಮರ್ ವಾದಿಸಿದ್ದಾರೆ. ಆ ವಿವಾದ ೧೯೮೩ರ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆದುದರಿಂದ ಈ ಪ್ರಸಂಗದಲ್ಲಿ ಪ್ರಭಾವ ಸಿದ್ಧವಾಗಿಲ್ಲವೆಂದೇ ಹೇಳಬೇಕು.

ಎರಡನೆಯದು, ‘ಧರ್ಮನಿರಪೇಕ್ಷ ಮಾನವತಾವಾದವೂ ಒಂದು ಧರ್ಮ’ ಎಂಬ ನ್ಯಾಯಾಲಯದ ವಾದ. ಇಲ್ಲಿ ಹಾದಿ ಸ್ಪಷ್ಟವಾಗಿದೆ. ವಕೀಲರಾದ ಜಾನ್ ವೈಟ್‌ಹೆಡ್ ಅವರ ‘ದಿ ಸೆಪರೇಷನ್ ಇಲ್ಯೂಷನ್’ (೧೯೭೭) ಗ್ರಂಥಕ್ಕೆ ಮುನ್ನುಡಿ ಬರೆದವರು ರಷ್ಡೂನಿ. ಮರುವರ್ಷ ವೈಟ್‌ಹೆಡ್ ಮತ್ತು ಜಾನ್ ಕಾನ್ಲನ್ ಸೇರಿ ಟೆಕ್ಸಾಸಿನ ಕಾನೂನು ಪತ್ರಿಕೆಯೊಂದರಲ್ಲಿ ಈ ವಾದವನ್ನು ದೀರ್ಘವಾಗಿ ಮಂಡಿಸಿದರು. ೧೯೮೭ರಲ್ಲಿ ಅಲಬಾಮಾದ ಮೊಬೀಲ್ ನಗರದ ಫೆಡರಲ್ ನ್ಯಾಯಾಧೀಶರು ಇಂಥದೇ ವಾದವನ್ನು ಒಪ್ಪಿ ೪೪ ಪಠ್ಯಪುಸ್ತಕಗಳನ್ನು ನಿಷೇಧಿಸಿದರು. ಅದೇ ವರ್ಷ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. ಆದರೆ ಎರಡನೆಯ ಪ್ರಶ್ನೆಯನ್ನು ಮರೆಯುವಂತಿಲ್ಲ. ೧೯೬೧ರಲ್ಲಿಯೇ, ಟೊರ್ಕಾಸೊ ಮೊಕದ್ದಮೆಯ ತೀರ್ಪಿನ ಒಂದು ಅಡಿಟಿಪ್ಪಣಿಯಲ್ಲಿ, ಈಶ್ವರನ ಅಸ್ತಿತ್ವವನ್ನು ಬೋಧಿಸದ ಧರ್ಮಗಳ ಸಾಲಿನಲ್ಲಿ, ಬೌದ್ಧ ಧರ್ಮದೊಡನೆ ಧರ್ಮನಿರಪೇಕ್ಷ ಮಾನವತಾವಾದವನ್ನೂ ಸುಪ್ರೀಂ ಕೋರ್ಟೇ ಹೆಸರಿಸಿತ್ತು. ವಕೀಲರಿಗೆ ಶಬ್ದ ದೊರೆತದ್ದು ನ್ಯಾಯಾಲಯದಿಂದ. ಆ ಶಬ್ದವನ್ನು ಆಯುಧವಾಗಿ ಬಳಸುವ ತರ್ಕಕ್ಕೆ ಒಂದು ಮೂಲ ರಷ್ಡೂನಿ. ಈ ಪ್ರಸಂಗದಲ್ಲಿ ಪ್ರಭಾವವುಂಟು; ಆದರೆ ಪಾಲುಗಾರರೂ ಉಂಟು.

ಮೂರನೆಯದು ಗೃಹಶಿಕ್ಷಣ. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸಿದ ತಂದೆತಾಯಿಗಳ ಮೇಲೆ ೧೯೮೦ರ ದಶಕದಲ್ಲಿ ಹಲವು ರಾಜ್ಯಗಳಲ್ಲಿ ಮೊಕದ್ದಮೆಗಳು ನಡೆದುವು. ರಷ್ಡೂನಿ ಅನೇಕ ಕಡೆ ತಜ್ಞಸಾಕ್ಷಿಯಾಗಿ ನಿಂತರು. ಟೆಕ್ಸಾಸಿನ ಲೀಪರ್ ಮೊಕದ್ದಮೆಯಲ್ಲಿ ೧೯೮೭ರಲ್ಲಿ ತಂದೆತಾಯಿಗಳಿಗೆ ಜಯವಾಯಿತು; ೧೯೯೪ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ೧೯೯೩ರ ವೇಳೆಗೆ ಐವತ್ತು ರಾಜ್ಯಗಳಲ್ಲಿಯೂ ಗೃಹಶಿಕ್ಷಣ ಕಾನೂನುಬದ್ಧವಾಗಿತ್ತು. ಇಲ್ಲಿಯೂ ಬೇರೆ ಕಾರಣಗಳಿಲ್ಲದಿಲ್ಲ: ೧೯೭೭ರಿಂದ ಗೃಹಶಿಕ್ಷಣದ ಪತ್ರಿಕೆಯನ್ನು ನಡೆಸಿದ ಜಾನ್ ಹೋಲ್ಟ್ ಆಧಿಪತ್ಯವಾದಕ್ಕೆ ತೀರ ದೂರವಾದ, ಮಗುವಿನ ಸ್ವಾತಂತ್ರ್ಯವನ್ನು ಸಾರಿದ ಶಿಕ್ಷಣ ಚಿಂತಕರು. ಆದರೂ ಮನೆಪಾಠವನ್ನು ಒಂದು ಶಿಕ್ಷಣಪದ್ಧತಿಯ ಆಯ್ಕೆಯಿಂದ ರಾಜ್ಯದೆದುರು ಪಾಲಿಸಬೇಕಾದ ಧಾರ್ಮಿಕ ಕರ್ತವ್ಯದ ಮಟ್ಟಕ್ಕೆ ಏರಿಸಿದವರಲ್ಲಿ ರಷ್ಡೂನಿ ಪ್ರಮುಖರು. ಜೂಲಿ ಇಂಗರ್‌ಸಾಲ್ ಅವರ ‘ಬಿಲ್ಡಿಂಗ್ ಗಾಡ್ಸ್ ಕಿಂಗ್‌ಡಮ್’ (೨೦೧೫) ಗ್ರಂಥದ ಬಲವಿರುವುದು ಇಂಥ ಕಡೆ. ಲೇಖಕಿ ಒಮ್ಮೆ ಆ ವಲಯದ ಒಳಗೇ ಇದ್ದವರಾದುದರಿಂದ, ಸಿದ್ಧಾಂತವು ಗ್ರಂಥದಿಂದ ಇಳಿದು ಪಾಠಕ್ರಮದಲ್ಲಿಯೂ ಮನೆವಾರ್ತೆಯಲ್ಲಿಯೂ ಹೇಗೆ ಬೆರೆಯಿತೆಂಬುದನ್ನು ಹತ್ತಿರದಿಂದ ಕಂಡಿದ್ದಾರೆ.

ಈ ಮೂರು ಪ್ರಸಂಗಗಳಿಂದ ಒಂದು ಅಂಶ ಹೊರಪಡುತ್ತದೆ. ರಷ್ಡೂನಿಯವರ ದಂಡಸಂಹಿತೆಯನ್ನು ಯಾವ ಶಾಸನಸಭೆಯೂ ಅಂಗೀಕರಿಸಲಿಲ್ಲ. ‘ಕ್ರಿಶ್ಚಿಯನ್ ಕೊಅಲಿಷನ್’ ಸಂಸ್ಥೆಯ ರಾಲ್ಫ್ ರೀಡ್ ೧೯೯೬ರ ತಮ್ಮ ಗ್ರಂಥದಲ್ಲಿ ಪುನರ್ನಿರ್ಮಾಣ ಪಂಥವನ್ನು ಬಹಿರಂಗವಾಗಿಯೇ ತಿರಸ್ಕರಿಸಿದರು. ಆದರೆ ತಟಸ್ಥ ರಾಜ್ಯವೆಂಬುದೇ ಸುಳ್ಳೆಂಬ ಮೂಲಪ್ರಮೇಯ ಉಳಿಯಿತು. ಸಂಹಿತೆಯನ್ನು ಹೇಸಿದವರೂ ಪ್ರಮೇಯವನ್ನು ಸ್ವೀಕರಿಸಿದರು. ಕಾರ್ಯಕ್ರಮವನ್ನು ಹುಡುಕಿ ಕಾಣದ ಒಂದು ಪಕ್ಷ ಪ್ರಭಾವವೇ ಇಲ್ಲವೆನ್ನುತ್ತದೆ. ಪ್ರಮೇಯವನ್ನು ಕಂಡ ಇನ್ನೊಂದು ಪಕ್ಷ ಕಾರ್ಯಕ್ರಮವೂ ಅಡಗಿದೆಯೆನ್ನುತ್ತದೆ. ಇವೆರಡನ್ನೂ ಬಿಡಿಸಿ ನೋಡದಿರುವುದೇ ವಿವಾದ ಬಗೆಹರಿಯದಿರುವುದಕ್ಕೆ ಕಾರಣ.

೪

ಆಧಿಪತ್ಯವಾದದ ಇನ್ನೊಂದು ಧಾರೆಗೆ ಜನ್ಮಸ್ಥಾನವೇ ಬೇರೆ. ೧೯೭೫ರಲ್ಲಿ ‘ಕ್ಯಾಂಪಸ್ ಕ್ರುಸೇಡ್’ನ ಬಿಲ್ ಬ್ರೈಟ್ ಮತ್ತು ‘ಯೂತ್ ವಿತ್ ಎ ಮಿಷನ್’ನ ಲಾರೆನ್ ಕನಿಂಗ್‌ಹ್ಯಾಮ್ ಕೊಲರಾಡೊದಲ್ಲಿ ಭೇಟಿಯಾದಾಗ, ಕ್ರೈಸ್ತರು ಪ್ರವೇಶಿಸಬೇಕಾದ ಸಮಾಜಜೀವನದ ಏಳು ಕ್ಷೇತ್ರಗಳ ಪಟ್ಟಿ ಇಬ್ಬರಲ್ಲಿಯೂ ಇತ್ತೆಂದು ಆ ವಲಯದವರು ಹೇಳುತ್ತಾರೆ. ಧರ್ಮ, ಕುಟುಂಬ, ಶಿಕ್ಷಣ, ಸರ್ಕಾರ, ಪತ್ರಿಕಾಮಾಧ್ಯಮ, ಕಲೆ ಮತ್ತು ಮನರಂಜನೆ, ವಾಣಿಜ್ಯ—ಇವೇ ಆ ಏಳು. ಮುಂದೆ ಲ್ಯಾನ್ಸ್ ವಾಲ್ನೌ ಇವನ್ನು ಏಳು ಪರ್ವತಗಳೆಂದು ಕರೆದರು. ಬಿಲ್ ಜಾನ್‌ಸನ್ ಅವರೊಡನೆ ೨೦೧೩ರಲ್ಲಿ ಇದನ್ನೇ ಕುರಿತು ಪುಸ್ತಕವನ್ನು ಹೊರತಂದರು.

ಹಾದಿಯಲ್ಲಿ ಆದ ಬದಲಾವಣೆ ಇಲ್ಲಿ ಕಣ್ಣಿಗೆ ಹೊಡೆಯುವಂತಿದೆ. ರಷ್ಡೂನಿಯವರ ಮಾರ್ಗ ಕೆಳಗಿನಿಂದ ಮೇಲಕ್ಕೆ: ಕುಟುಂಬ, ಸಭೆ, ಶತಮಾನಗಳು. ಪರ್ವತದ ರೂಪಕದಲ್ಲಿ ಬೇಕಾದುದು ಶಿಖರ. ಪ್ರತಿಯೊಂದು ಶಿಖರದಲ್ಲಿಯೂ ಕೆಲವೇ ಮಂದಿ ವಿಶ್ವಾಸಿಗಳು ನಿಂತರೆ ಬುಡದವರೆಗೂ ಬದಲಾವಣೆ ಇಳಿಯುತ್ತದೆಂಬುದು ಇದರ ಅಭಿಪ್ರಾಯ. ಒಂದರಲ್ಲಿ ಸಂಹಿತೆ ಮುಖ್ಯ, ಇನ್ನೊಂದರಲ್ಲಿ ಅಧಿಕಾರಸ್ಥಾನ. ಮೊದಲನೆಯದು ಗ್ರಂಥನಿಷ್ಠ ಕ್ಯಾಲ್ವಿನ್ ಸಂಪ್ರದಾಯದ್ದು. ಎರಡನೆಯದು ಪ್ರವಾದನೆ, ಪವಿತ್ರಾತ್ಮಾವೇಶಗಳನ್ನು ನಂಬುವ ಪೆಂತೆಕೊಸ್ತ್ ಹಾಗೂ ಕ್ಯಾರಿಸ್ಮ್ಯಾಟಿಕ್ ಸಂಪ್ರದಾಯಗಳದ್ದು.

ಇವೆರಡನ್ನೂ ಸೇರಿಸಿದವರು ಸಿ. ಪೀಟರ್ ವ್ಯಾಗ್ನರ್ (೧೯೩೦–೨೦೧೬). ೨೦೦೮ರ ‘ಡೊಮಿನಿಯನ್!’ ಗ್ರಂಥದಲ್ಲಿ ಅವರು ತಮ್ಮ ಸಿದ್ಧಾಂತದ ವಂಶಾವಳಿಯನ್ನು ರಷ್ಡೂನಿ, ಅಬ್ರಹಾಂ ಕೈಪರ್ ಇವರ ಮೂಲಕ ಕ್ಯಾಲ್ವಿನ್‌ವರೆಗೆ ಒಯ್ಯುತ್ತಾರೆ. ಅಧಿಕಾರಕ್ಕೆ ಬಂದ ರಾಜವಂಶಗಳು ಶಾಸನಗಳಲ್ಲಿ ಯದುವಂಶವನ್ನೋ ಸೂರ್ಯವಂಶವನ್ನೋ ತಮ್ಮದೆಂದು ಕೆತ್ತಿಸಿಕೊಂಡುದನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇಂಥ ವಂಶಾವಳಿಯ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಹುಟ್ಟಿನ ದಾಖಲೆಯಲ್ಲ, ಮಾನ್ಯತೆಗಾಗಿ ಹೂಡಿದ ಹಕ್ಕು. ಆದರೂ ಹಕ್ಕು ಹೂಡಿದ್ದೇ ಒಂದು ಐತಿಹಾಸಿಕ ಸಂಗತಿ: ೨೦೦೮ರ ವೇಳೆಗೆ ರಷ್ಡೂನಿಯವರ ಹೆಸರು ಈ ವಲಯದಲ್ಲಿ ಹೇಳಿಕೊಳ್ಳತಕ್ಕ ಹೆಸರಾಗಿತ್ತು.

ವ್ಯಾಗ್ನರ್ ಅವರ ಮೂಲಕ ಭಾರತದ ಸಂಬಂಧವೂ ಒಂದು ಬರುತ್ತದೆ. ಅವರು ಬೊಲಿವಿಯದಲ್ಲಿ ಮಿಷನರಿಯಾಗಿದ್ದು, ಬಳಿಕ ಕ್ಯಾಲಿಫೋರ್ನಿಯದ ಫುಲ್ಲರ್ ವಿದ್ಯಾಪೀಠದಲ್ಲಿ ಡೊನಾಲ್ಡ್ ಮೆಕ್‌ಗಾವ್ರನ್ ಅವರ ಶಿಷ್ಯರೂ ಸಹೋದ್ಯೋಗಿಯೂ ಆದರು. ಮೆಕ್‌ಗಾವ್ರನ್ ಹುಟ್ಟಿದ್ದು ೧೮೯೭ರಲ್ಲಿ, ಮಧ್ಯಪ್ರಾಂತದ ದಮೋಹದಲ್ಲಿ. ಭಾರತದಲ್ಲಿ ಮತಾಂತರವು ಬಿಡಿವ್ಯಕ್ತಿಗಳಲ್ಲಿ ಅಲ್ಲದೆ ಜಾತಿ ಬಾಂಧವ್ಯದ ಗುಂಪುಗಳಲ್ಲಿ ನಡೆಯುವುದನ್ನು ಕಂಡು, ೧೯೫೫ರ ‘ದಿ ಬ್ರಿಜಸ್ ಆಫ್ ಗಾಡ್’ ಗ್ರಂಥದಲ್ಲಿ ಸಭೆಯ ಬೆಳವಣಿಗೆಯ ಸಿದ್ಧಾಂತವೊಂದನ್ನು ಅವರು ರೂಪಿಸಿದರು. ಆದುದರಿಂದ ಆಧಿಪತ್ಯವಾದದ ಒಂದು ಬೇರು ಭಾರತದಲ್ಲಿದೆಯೆನ್ನೋಣವೆ? ಆಸೆ ಹುಟ್ಟುವುದು ಸಹಜ. ಆದರೆ ನಮ್ಮ ಪ್ರಶ್ನೆಗಳು ನಮಗೂ ಅನ್ವಯಿಸಬೇಕು. ಗುರುಶಿಷ್ಯರ ಹಾದಿ ನಿಜ. ಮೆಕ್‌ಗಾವ್ರನ್ ಅವರ ಸಿದ್ಧಾಂತ ಮಾತ್ರ ಸಭೆಯ ವೃದ್ಧಿಯದು, ರಾಜ್ಯಾಧಿಕಾರದ್ದಲ್ಲ. ಪರಿಚಯವನ್ನು ಪ್ರಭಾವವೆಂದು ಕರೆಯಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಈ ಎರಡನೆಯ ಧಾರೆಯ ರಾಜಕೀಯ ಚಟುವಟಿಕೆಗೆ ದಾಖಲೆಗಳು ಹೆಚ್ಚು. ೨೦೧೧ರ ಆಗಸ್ಟಿನಲ್ಲಿ ಟೆಕ್ಸಾಸಿನ ಗವರ್ನರ್ ರಿಕ್ ಪೆರ‍್ರಿ ಹ್ಯೂಸ್ಟನ್ನಿನಲ್ಲಿ ಕರೆದ ಪ್ರಾರ್ಥನಾಸಭೆಯಲ್ಲಿ ಈ ವಲಯದ ಮುಖಂಡರು ಪಾಲ್ಗೊಂಡರು. ೨೦೧೬ರಲ್ಲಿ ವಾಲ್ನೌ ಡೊನಾಲ್ಡ್ ಟ್ರಂಪರನ್ನು, ಯೆಹೂದ್ಯರಿಗೆ ಬಿಡುಗಡೆ ಕೊಟ್ಟ ಅನ್ಯಧರ್ಮೀಯ ಪಾರಸಿಕ ದೊರೆ ಸೈರಸ್‌ಗೆ ಹೋಲಿಸಿದರು. ೨೦೨೧ರ ಜನವರಿ ೬ರಂದು ಅಮೆರಿಕದ ಸಂಸದ್ಭವನದ ಮೇಲೆ ದಾಳಿಯಾದಾಗ ಅದರ ಸುತ್ತಮುತ್ತ ಈ ವಲಯದ ಪ್ರಚಾರಕರು ಏನು ಮಾಡುತ್ತಿದ್ದರೆಂಬುದನ್ನು ಮ್ಯಾಥ್ಯೂ ಟೇಲರ್ ‘ದಿ ವಯಲೆಂಟ್ ಟೇಕ್ ಇಟ್ ಬೈ ಫೋರ್ಸ್’ (೨೦೨೪) ಗ್ರಂಥದಲ್ಲಿ ಮುಖಂಡರ ಸಂದರ್ಶನಗಳಿಂದಲೂ ಅವರ ಭಾಷಣಗಳಿಂದಲೂ ಬಿಡಿಬಿಡಿಯಾಗಿ ಸಂಗ್ರಹಿಸಿದ್ದಾರೆ. ಹೆಜಸ್ ಅವರ ಗ್ರಂಥದಲ್ಲಿ ಹೋಲಿಕೆ ಮುಂದಾಗಿ ದಾಖಲೆ ಹಿಂದಾಗುತ್ತದೆ. ಟೇಲರ್ ದಾಖಲೆಯ ಮೂಲಕವೇ ನಿರ್ಣಯಕ್ಕೆ ಬರುತ್ತಾರೆ.

ಒಂದು ನಿದರ್ಶನವನ್ನು ಕೊಂಚ ನಿಧಾನವಾಗಿ ಪರಿಶೀಲಿಸಬೇಕು. ೨೦೨೪ರ ಫೆಬ್ರವರಿಯಲ್ಲಿ ಅಲಬಾಮಾ ಸುಪ್ರೀಂ ಕೋರ್ಟು, ಪ್ರಯೋಗಾಲಯದಲ್ಲಿ ಶೀತಲೀಕರಿಸಿ ಇಟ್ಟ ಭ್ರೂಣಗಳನ್ನೂ ಕಾನೂನಿನಲ್ಲಿ ಮಕ್ಕಳೆಂದೇ ಎಣಿಸಬೇಕೆಂದು ತೀರ್ಪಿತ್ತಿತು. ಮುಖ್ಯ ನ್ಯಾಯಾಧೀಶ ಟಾಮ್ ಪಾರ್ಕರ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಬೈಬಲನ್ನೂ, ಅಕ್ವೈನಾಸ್, ಕ್ಯಾಲ್ವಿನ್ ಮೊದಲಾದ ದೇವತಾಶಾಸ್ತ್ರಜ್ಞರನ್ನೂ ಆಧಾರವಾಗಿ ಎತ್ತಿಕೊಂಡರು. ಅದೇ ಸುಮಾರಿನಲ್ಲಿ ಪ್ರಕಟವಾದ ಸಂದರ್ಶನವೊಂದರಲ್ಲಿ ಏಳು ಪರ್ವತಗಳ ಮಾತನ್ನು ತಾವೇ ಆಡಿದರು. ಹಾದಿಗೆ ಇದಕ್ಕಿಂತ ನೇರವಾದ ಸಾಕ್ಷ್ಯ ಅಪರೂಪ. ಆದರೆ ಬಹುಮತದ ತೀರ್ಪು ನಿಂತದ್ದು ೧೮೭೨ರ ಒಂದು ಶಾಸನದ ಅರ್ಥವಿವರಣೆಯ ಮೇಲೆ. ಪಾರ್ಕರ್ ಅವರ ಅಭಿಪ್ರಾಯವಿಲ್ಲದಿದ್ದರೂ ಫಲ ಅದೇ ಆಗುತ್ತಿತ್ತೆನ್ನಬಹುದು. ಆದುದರಿಂದ ಈ ಪ್ರಸಂಗ ಸಾಧಿಸುವುದು ತೀರ್ಪಿನ ಮೇಲಿನ ಪ್ರಭಾವವನ್ನಲ್ಲ. ಒಂದು ರಾಜ್ಯದ ಅತ್ಯುನ್ನತ ನ್ಯಾಯಪೀಠದಲ್ಲಿದ್ದವರು ಈ ಭಾಷೆಯನ್ನು ಸಂಕೋಚವಿಲ್ಲದೆ ಆಡುವಷ್ಟು ಅದು ಗಣ್ಯವಾಗಿದೆಯೆಂಬುದನ್ನು. ಎರಡನೆಯದು ಮೊದಲನೆಯದಕ್ಕಿಂತ ಲಘುವಾದ ವಿಷಯವೆಂದು ನಾವು ಭಾವಿಸುವುದಿಲ್ಲ.

೫

ಮೇಲಿನ ವಿಮರ್ಶೆಯಿಂದ ಗ್ರಂಥಗಳ ತಾರತಮ್ಯವೂ ತಿಳಿಯುತ್ತದೆ. ಮೆಕ್‌ವಿಕಾರ್ ಅವರ ಗ್ರಂಥ ರಷ್ಡೂನಿಯವರ ಕಾಗದಪತ್ರಗಳನ್ನು ಆಧರಿಸಿದ್ದು. ಕೇಂದ್ರದಿಂದ ಏನು ಹೊರಟಿತೆಂಬುದಕ್ಕೆ ಅದೇ ಪ್ರಮಾಣ. ಹೊರಟದ್ದನ್ನು ಜನ ಹೇಗೆ ಸ್ವೀಕರಿಸಿದರೆಂಬುದಕ್ಕೆ ಇಂಗರ್‌ಸಾಲ್ ಅವರ ಗ್ರಂಥವನ್ನು ನೋಡಬೇಕು. ಮೂಲವನ್ನರಿಯದೆಯೇ ಜನ ಈ ವಿಚಾರಗಳನ್ನು ತಮ್ಮದಾಗಿಸಿಕೊಂಡರೆಂಬ ಅವರ ಪ್ರತಿಪಾದನೆ ಸಂಭಾವ್ಯವೇ ಆದರೂ, ಅರಿವಿಲ್ಲದ ಪ್ರಭಾವವನ್ನು ಖಂಡಿಸುವುದು ಅಸಾಧ್ಯವಾದುದರಿಂದ, ಬೇರೆ ಕಾರಣಗಳನ್ನು ಪ್ರತಿಸಲವೂ ತೂಗಿ ನೋಡುವ ಹೊಣೆ ಓದುಗನ ಮೇಲೆ ಬೀಳುತ್ತದೆ. ರಷ್ಡೂನಿಯವರನ್ನೇ ನಡುಗಂಬವಾಗಿ ನಿಲ್ಲಿಸಿಕೊಂಡ ಈ ಎರಡು ಗ್ರಂಥಗಳಲ್ಲಿ ಉಳಿದ ಕೊರತೆಯನ್ನು ಟೇಲರ್ ಬಹುಮಟ್ಟಿಗೆ ತುಂಬಿದ್ದಾರೆ. ಕಾಲೇಜು ತರಗತಿಗಳಿಗೆ ಈ ಮೂರನ್ನೂ ಜೊತೆಯಾಗಿ ಓದಿಸುವುದು ಉಚಿತ.

ನಮ್ಮ ನಿರ್ಣಯ ಇಷ್ಟು. ಸಂಹಿತೆಯಾಗಿ ಆಧಿಪತ್ಯವಾದ ಸೋತಿದೆ. ಚುನಾವಣೆಯ ಸೈನ್ಯವಾಗಿ ಅದರ ಬಲವನ್ನು ಅತಿಯಾಗಿ ಹೇಳಲಾಗಿದೆ. ರಾಜ್ಯವು ವಿವಿಧ ಮತಗಳ ನಡುವೆ ತಟಸ್ಥವಾಗಿರಬಲ್ಲದೆಂಬ ನಂಬಿಕೆಯನ್ನು ಸಡಿಲಿಸುವ ತರ್ಕವಾಗಿ ಅದು ನಿಜವಾದ ಕೆಲಸ ಮಾಡಿದೆ. ತಟಸ್ಥತೆ ಎಂದೂ ಪೂರ್ಣವಾಗಿರಲಾರದೆಂಬ ಮಾತಿನಲ್ಲಿ ಸತ್ಯಾಂಶವಿದೆ. ಪೂರ್ಣವಾಗಿರದ ನ್ಯಾಯಾಧೀಶನೂ ಪಕ್ಷಪಾತವನ್ನು ಕಡಮೆ ಮಾಡಿಕೊಳ್ಳಲು ಬದ್ಧನೇ. ಪೂರ್ಣತೆ ಅಸಾಧ್ಯವಾದುದರಿಂದ ಪ್ರಯತ್ನವನ್ನೇ ಬಿಡಬೇಕೆಂದು ರಷ್ಡೂನಿ ಹೇಳುವಲ್ಲಿ ತರ್ಕ ಹಾರುತ್ತದೆ. ಆ ಹಾರಿಕೆಯಿಂದ ಮೊದಲು ನಷ್ಟಕ್ಕೊಳಗಾಗುವವರು ಸಂಖ್ಯೆಯಲ್ಲಿ ಕಡಮೆಯಾದವರು, ಆ ಧರ್ಮದವರಲ್ಲದವರು, ಅದೇ ಧರ್ಮದಲ್ಲಿದ್ದು ಬೇರೆ ರೀತಿಯಾಗಿ ನಂಬುವವರು. ಅಮೆರಿಕದ ಸಂವ್ಯವಸ್ಥೆಗೆ ಮಾಡಿದ ಮೊದಲನೆಯ ತಿದ್ದುಪಡಿ ೧೭೯೧ರಲ್ಲಿ ಜಾರಿಗೆ ಬಂದಾಗ, ರಾಜ್ಯಧರ್ಮ ಬೇಡವೆಂದು ಹೋರಾಡಿದವರಲ್ಲಿ ವರ್ಜೀನಿಯದ ಬ್ಯಾಪ್ಟಿಸ್ಟ್ ಕ್ರೈಸ್ತರು ಮುಂದೆ ಇದ್ದರು. ಅವರ ಬೋಧಕರು ಅನುಮತಿಯಿಲ್ಲದೆ ಬೋಧಿಸಿದುದಕ್ಕಾಗಿ ಸೆರೆಮನೆಯನ್ನು ಕಂಡಿದ್ದರು. ಆಧಿಪತ್ಯವಾದವನ್ನು ಕ್ರೈಸ್ತ ಧರ್ಮದ ಸಹಜ ಫಲವೆಂದು ಎಣಿಸುವ ವಿಮರ್ಶಕರೂ, ಅದೇ ಅಮೆರಿಕದ ಮೂಲಸಂಪ್ರದಾಯವೆಂದು ಸಾರುವ ಪ್ರಚಾರಕರೂ ಈ ಚರಿತ್ರೆಯನ್ನು ಮತ್ತೊಮ್ಮೆ ಓದುವುದು ಯುಕ್ತ.